ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ

ಉಜ್ಜಿನಪ್ಪನವರು ಕೆಂಪು ಮಸಿಯ ಪೆನ್ನಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟವರಲ್ಲ. ಬಳ್ಳಾರಿಯ ಒಂದು ಸಣ್ಣ ಬ್ಯಾಂಕಿನಲ್ಲಿ ಬೇರೆಯವರು ಬರೆದದ್ದನ್ನು ತಿದ್ದುವುದೇ ಅವರ ಕೆಲಸ. ವರ್ಷಾನುಗಟ್ಟಲೆ ಅದನ್ನೇ ಮಾಡಿ ಮಾಡಿ ಅದು ಕೈಗೆ ಅಂಟಿಕೊಂಡುಬಿಟ್ಟಿತ್ತು. ಮನೆಗೆ ಮದುವೆಯ ಆಮಂತ್ರಣ ಬಂದರೆ ಮೊದಲು ಅದರ ಕಾಗುಣಿತ ತಿದ್ದಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಆಮೇಲೆ ಮದುವೆ ಯಾರದು ಎಂದು ನೋಡುತ್ತಿದ್ದರು. ಇಂಥವರು ಒಂದು ದಿನ ಆಕಾಶವನ್ನೂ ತಿದ್ದಿದರು ಎಂದಾಗ ಬ್ಯಾಂಕಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಿರುಗುಪ್ಪದ ಕಡೆಯ ಎರಡು ಹೊಲದವರಿಗೆ ಮಾತ್ರ ತುಸು ತೊಂದರೆಯಾಯಿತು.

ಶುರುವಾದದ್ದು ಎಂಬತ್ತೈದರ ದೀಪಾವಳಿಯಲ್ಲಿ, ಸಿರುಗುಪ್ಪದ ಅತ್ತೆಯ ಮನೆಯಲ್ಲಿ. ಉಜ್ಜಿನಪ್ಪನವರ ಷಡ್ಡಕ ಮರಿಬಸಪ್ಪನವರಿಗೆ ಅದೇ ಊರಿನಲ್ಲಿ ಅಕ್ಕಿ ಗಿರಣಿ. ಅವರು ಹಬ್ಬಕ್ಕೆಂದು ಅತ್ತೆಯ ಮನೆಗೆ ಬಣ್ಣದ ಟೀವಿ ತಂದು ಕೂರಿಸಿದ್ದರು. ತೆರೆಯ ಮೇಲೆ ಅರ್ಧ ಚಿತ್ರ, ಅರ್ಧ ನುಚ್ಚಕ್ಕಿ. ಆದರೂ ಓಣಿಯವರೆಲ್ಲ ಬಂದು ಕೂತಿದ್ದರು. ಗಿರಣಿಯ ಅಳಿಯನಿಗೆ ಕುರ್ಚಿ, ಬ್ಯಾಂಕಿನ ಅಳಿಯನಿಗೆ ಚಾಪೆ. ಈ ವ್ಯವಸ್ಥೆಯನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ತಾನಾಗಿ ಆಗಿತ್ತು. ಅದಕ್ಕೇ ಅದು ಹೆಚ್ಚು ಚುಚ್ಚುತ್ತಿತ್ತು.

ಟೀವಿಯಲ್ಲಿ ಹ್ಯಾಲಿ ಧೂಮಕೇತುವಿನ ಸುದ್ದಿ ಬಂತು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಬಾಲದ ಚುಕ್ಕಿ, ಈ ಸಲ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ದುರ್ಬೀನು ಬೇಕು ಎಂದರು. ಆಗ ಬಾಗಿಲ ಹಿಂದಿನಿಂದ ಅತ್ತೆ ಚನ್ನವೀರಮ್ಮನವರ ದನಿ ಕೇಳಿಸಿತು.

"ಅದನ್ನ ನಾ ನೋಡೀನಿ."

ಎಲ್ಲರೂ ತಿರುಗಿದರು. ಎಂಬತ್ತು ದಾಟಿದ ಅತ್ತೆ ಸೆರಗು ಸರಿಮಾಡಿಕೊಂಡು ಹೊಸ್ತಿಲ ಮೇಲೆ ಕೂತರು.

"ಕುರುಗೋಡಿನ್ಯಾಗ, ನಮ್ಮಪ್ಪ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಮಾಳಿಗಿ ಹತ್ತಿ ತೋರ್ಸಿದ್ದ. ಗುಡ್ಡದ ಬುಡದಿಂದ ನಮ್ಮ ನೆತ್ತಿ ತನಕ ಬಾಲ ಇತ್ತು. ಊರೆಲ್ಲ ಅಂಜಿ ಬಾಗ್ಲಾ ಹಾಕ್ಕೊಂಡಿದ್ರು. ನಮ್ಮಪ್ಪ ಒಬ್ಬಾವ ಅಂಜಲಿಲ್ಲ. ಮತ್ತ ಬರತೈತಿ, ಆವಾಗ ನಾ ಇರಂಗಿಲ್ಲ, ನೀ ನನ್ನ ಹೆಸರ ಹೇಳಿ ನೋಡು ಅಂದಿದ್ದ. ಅದೊಂದು ಬಾಕಿ ಐತಿ ನೋಡ್ರಿ."

"ಟೀವ್ಯಾಗ ತೋರಸ್ತಾರ, ಇಲ್ಲೇ ನೋಡ್ರಿ ಅತ್ತೇರ" ಎಂದರು ಮರಿಬಸಪ್ಪ.

"ಟೀವ್ಯಾಗಿಂದು ಟೀವ್ಯಾಗ ಇರ್ಲಿ. ನಂಗ ಆಕಾಶದಾಗಿಂದು ಬೇಕು. ಇದ್ದ ಒಂದು ಕಣ್ಣೂ ಮಂಜಾಗಾಕತ್ತೈತಿ."

"ನಾ ತೋರಸ್ತೀನ್ರಿ" ಎಂಬ ಮಾತು ಚಾಪೆಯ ಕಡೆಯಿಂದ ಬಂತು. ಉಜ್ಜಿನಪ್ಪನವರ ಹೆಂಡತಿ ಅಂಬಮ್ಮ ಗಂಡನ ಅಂಗಿಯ ತುದಿ ಜಗ್ಗಿದರು. ಆದರೆ ಆಡಿದ ಮಾತು ಆಗಲೇ ಹೊಸ್ತಿಲು ದಾಟಿಹೋಗಿತ್ತು. ಬೆಳಗಾಗುವಷ್ಟರಲ್ಲಿ ಚನ್ನವೀರಮ್ಮ ಓಣಿಯ ಆ ತುದಿಯ ಮನೆಯವರೆಗೂ ಸುದ್ದಿ ಮುಟ್ಟಿಸಿದ್ದರು: ಬಳ್ಳಾರಿ ಅಳಿಯಂದ್ರು ಬಾಲದ ಚುಕ್ಕಿ ತೋರಸ್ತಾರ.

ಉಜ್ಜಿನಪ್ಪನವರಿಗೆ ಅಲ್ಲಿಯವರೆಗೆ ಆಕಾಶದ ಪರಿಚಯ ಇದ್ದದ್ದು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದಾಗ ಮಾತ್ರ, ಅದೂ ನಿದ್ದೆ ಬರುವ ತನಕ. ದುರ್ಬೀನೇನೋ ಸಿಕ್ಕಿತು. ಗೆಳೆಯರೊಬ್ಬರು ಹೈಸ್ಕೂಲಿನ ಮೇಷ್ಟ್ರು, ಅವರ ಶಾಲೆಯ ಬೀರುವಿನಲ್ಲಿ ಹಿತ್ತಾಳೆಯದೊಂದು ಬಿದ್ದಿತ್ತು. ಆದರೆ ಮೇಷ್ಟ್ರಿಗೆ ವರ್ಗವಾಗಿತ್ತು. ಬೀರುವಿನ ಕೀಲಿ ಬೇರೆಯವರಿಗೆ ಒಪ್ಪಿಸುವ ಮೊದಲು ಒಂದು ದಿನಕ್ಕೆ ಕೊಡುತ್ತೇನೆ, ಮರುದಿನ ಬೆಳಿಗ್ಗೆ ವಾಪಸ್ಸು ಬರಬೇಕು ಎಂದರು. ಹೀಗಾಗಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಸಂಜೆ. ಅದು ಎಳ್ಳಮಾಸೆಯ ಸಂಜೆ. ಚಂದ್ರನ ಬೆಳಕಿನ ಕಾಟವಿಲ್ಲ, ಅತ್ತೆಯ ಮನೆಯವರೆಲ್ಲ ಹೇಗೂ ಭೂಮಿತಾಯಿಗೆ ಎಡೆ ಮಾಡಿ ಚರಗ ಚೆಲ್ಲಲು ಹೊಲಕ್ಕೆ ಹೋಗುವವರು. ಅಲ್ಲೇ ತೋರಿಸಿದರಾಯಿತು.

ದುರ್ಬೀನಿಗೆ ಕಾಲಿರಲಿಲ್ಲ, ಅದನ್ನು ಎತ್ತ ತಿರುಗಿಸಬೇಕೆಂಬುದೂ ಗೊತ್ತಿರಲಿಲ್ಲ. ಈ ಎರಡು ಕೊರತೆಯನ್ನೂ ತುಂಬಿಕೊಟ್ಟವರು ಕೌಲ್ ಬಜಾರಿನ ಶಾಮೀದಸಾಬರು. ಅವರದು ಟೈಪಿಂಗ್ ಕಲಿಸುವ ಶಾಲೆ. ದುಬೈಯಲ್ಲಿದ್ದ ಭಾವಮೈದುನ ಒಂದು ಕಂಪ್ಯೂಟರ್ ತಂದುಕೊಟ್ಟ ದಿನದಿಂದ ಬೋರ್ಡಿನ ಮೇಲೆ ‘ಟೈಪಿಂಗ್’ ಪಕ್ಕದಲ್ಲಿ ‘ಮತ್ತು ಕಂಪ್ಯೂಟರ್’ ಎಂದು ಹಸಿ ಬಣ್ಣದಲ್ಲಿ ಬರೆಸಿದ್ದರು. ಅದು ಟೀವಿಗೂ ಟೇಪ್‌ರೆಕಾರ್ಡರಿಗೂ ತಂತಿ ಜೋಡಿಸಿ ನಡೆಸುವ ಸಣ್ಣ ಪೆಟ್ಟಿಗೆ. ಅದರ ಜೊತೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು, ಯಾವ ಊರಿನಲ್ಲಿ ಯಾವ ಹೊತ್ತಿಗೆ ಯಾವ ನಕ್ಷತ್ರ ಎಲ್ಲಿರುತ್ತದೆ ಎಂದು ನಕ್ಷೆ ಬರೆದುಕೊಡುತ್ತಿತ್ತು.

ಶಾಮೀದಸಾಬರು ಕ್ಯಾಸೆಟ್ಟು ಹಾಕಿ ಕೈಕಟ್ಟಿ ಕೂತರು. ಬಹಳ ಹೊತ್ತು ಕಂಪ್ಯೂಟರ್ ಏನೂ ಹೇಳಲಿಲ್ಲ. ಆಮೇಲೆ ನೋಡಿದರೆ ಹಾಕಿದ್ದು ಕವ್ವಾಲಿಯ ಕ್ಯಾಸೆಟ್ಟು. ಸರಿಯಾದದ್ದನ್ನು ಹಾಕಿದ ಮೇಲೆ ಕಿರ್ರೆಂದು ಕೂಗಿ ತೆರೆಯ ಮೇಲೆ ಪ್ರಶ್ನೆ ಮೂಡಿತು.

"ಸಿರುಗುಪ್ಪ ಅಂತ ಹೊಡೀರಿ" ಎಂದರು ಉಜ್ಜಿನಪ್ಪ.

"ಅದಕ್ಕ ಬಳ್ಳಾರಿನೂ ಗೊತ್ತಿಲ್ರಿ. ಅದು ಊರು ಕೇಳಂಗಿಲ್ಲ, ಅಕ್ಷಾಂಶ ರೇಖಾಂಶ ಕೇಳ್ತೈತಿ."

ಶಾಲೆಯ ಅಟ್ಲಾಸಿನಿಂದ ಅವನ್ನು ಕೊಟ್ಟದ್ದಾಯಿತು. ಧೂಮಕೇತು ಆ ದಿನ ಎಲ್ಲಿರುತ್ತದೆಂಬುದನ್ನು ಪತ್ರಿಕೆಯಲ್ಲಿ ಬಂದ ಹಾಗೆ ಹೊಡೆದದ್ದಾಯಿತು. ಪ್ರಿಂಟರ್ ಅತ್ತಿಂದಿತ್ತ ಓಡಾಡಿ, ನಡುವೆ ಕರೆಂಟು ಹೋಗಿ, ಮತ್ತೆ ಮೊದಲಿನಿಂದ ಶುರುಮಾಡಿ, ಕೊನೆಗೆ ಅಂಚಿನಲ್ಲಿ ತೂತುಗಳಿದ್ದ ಅಗಲವಾದ ಕಾಗದವನ್ನು ಹೊರಗೆ ಬಿಟ್ಟಿತು. ದೊಡ್ಡ ವೃತ್ತ, ಅದರ ತುಂಬ ಬೊಟ್ಟುಗಳು, ಸೂರ್ಯಚಂದ್ರರ ದಾರಿ ಎಂದು ಈ ತುದಿಯಿಂದ ಆ ತುದಿಗೆ ಒಂದು ಡೊಂಕು ಗೆರೆ. ಬಲಗಡೆಯ ಅಂಚಿನತ್ತ ಧೂಮಕೇತುವಿನ ಗುರುತು.

ಉಜ್ಜಿನಪ್ಪನವರು ಕಾಗದ ನೋಡಿದರು. ಅವರ ಹುಬ್ಬು ಮೇಲೇರಿತು. "ಶಾಮೀದಸಾಬ್ರ, ಇದರಾಗ ತಪ್ಪೈತಿ. ಎಡಕ್ಕ ಪೂರ್ವ ಹಾಕೈತಿ, ಬಲಕ್ಕ ಪಶ್ಚಿಮ."

"ಮಷೀನ್ ತಪ್ಪು ಮಾಡಂಗಿಲ್ಲ ಅಂತ ಪುಸ್ತಕದಾಗ ಬರ್ದಾರ್ರಿ."

"ಬರ್ದವರು ಯಾರು? ಮಷೀನ್ ಮಾರಿದವರು. ಒಂದನೆತ್ತಿ ಹುಡುಗನ್ನ ಕೇಳ್ರಿ, ನಕಾಶಿಯೊಳಗ ಪೂರ್ವ ಯಾವ ಕಡಿಗೆ ಅಂತ. ದುಬೈದಾಗ ಎಡಕ್ಕ ಇದ್ರ ಇರ್ಲಿ, ನಮ್ಮಲ್ಲಿ ಬಲಕ್ಕ."

ಹೀಗೆಂದು ಕೆಂಪು ಪೆನ್ನು ತೆಗೆದು ಎರಡೂ ದಿಕ್ಕುಗಳನ್ನು ಹೊಡೆದುಹಾಕಿ, ಅದಲುಬದಲು ಬರೆದು, ಪಕ್ಕದಲ್ಲಿ ಸಹಿ ಮಾಡಿದರು. ಧೂಮಕೇತುವಿನ ಸುತ್ತ ದಪ್ಪ ಸುತ್ತು ಹಾಕಿದರು. ನಡುಮಧ್ಯೆ ‘ನಾವು ಇಲ್ಲಿ’ ಎಂದು ಬರೆದರು. ಭೂಮಿಯ ನಕ್ಷೆಯನ್ನು ಕೆಳಗಿಟ್ಟು ನೋಡುತ್ತಾರೆ, ಆಕಾಶದ ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡುತ್ತಾರೆ ಎಂಬ ಸಣ್ಣ ಸಂಗತಿ ಆ ಹೊತ್ತಿನಲ್ಲಿ ಕೌಲ್ ಬಜಾರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಶಾಮೀದಸಾಬರು ದುರ್ಬೀನಿಗೆ ಕಾಲನ್ನೂ ಹುಡುಕಿಕೊಟ್ಟರು. ಪಕ್ಕದ ಗುಜರಿ ಅಂಗಡಿಯಲ್ಲಿ, ಹಿಂದೆಂದೋ ಸರ್ಕಾರದ ಹರಾಜಿನಲ್ಲಿ ಬಂದ ಸರ್ವೆಯ ಮೂರುಕಾಲಿತ್ತು. ಅದರ ಮೇಲೆ ನಂಬರು ಹಾಕಿ ಬಿಳಿಯ ಬಣ್ಣದಲ್ಲಿ ಇಲಾಖೆಯ ಹೆಸರು ಬರೆದದ್ದು ಇನ್ನೂ ಅಳಿಸಿರಲಿಲ್ಲ.

ಅತ್ತೆಯ ಹೊಲ ಸಿರುಗುಪ್ಪದಿಂದ ತೆಕ್ಕಲಕೋಟೆಗೆ ಹೋಗುವ ದಾರಿಯಲ್ಲಿ. ತುಂಗಭದ್ರೆಯ ಕಾಲುವೆ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಹರಿಯುತ್ತದೆ. ಆದರೆ ನೀರು ಕೂಗಿದರೆ ಬರುವಂಥದ್ದಲ್ಲ. ಕಾಲುವೆಯ ಆಚೆ ಭತ್ತ, ಈಚೆ ಬಿಳಿಜೋಳ. ಈಚೆಯವರು ಆಚೆಯವರ ಗದ್ದೆ ನೋಡುತ್ತಲೇ ಮುದುಕರಾಗಿದ್ದರು. ಮೂರು ಕಾಲಿನ ಮೇಲೆ ಕೊಳವೆ ಇಟ್ಟು ಒಂದು ಕಣ್ಣು ಮುಚ್ಚಿ ನೋಡುವ ಮನುಷ್ಯ ಆ ಸೀಮೆಯಲ್ಲಿ ಯಾವಾಗ ಕಾಣಿಸಿಕೊಂಡರೂ ಅವನು ಕಾಲುವೆಯ ಇಂಜಿನಿಯರೇ. ಬೇರೆ ಯಾವ ಕಾರಣಕ್ಕೂ ಮನುಷ್ಯ ಹಾಗೆ ನಿಲ್ಲುವುದನ್ನು ಅವರು ಕಂಡಿರಲಿಲ್ಲ.

ಎಳ್ಳಮಾಸೆಯ ಮಧ್ಯಾಹ್ನ ಚರಗ ಚೆಲ್ಲಿ ಊಟ ಮುಗಿಯಿತು. ಚನ್ನವೀರಮ್ಮನವರು ಬಂಡಿಯ ನೆರಳಿನಲ್ಲಿ ಕಂಬಳಿಯ ಮೇಲೆ ಕೂತಿದ್ದರು. ಹೊತ್ತು ಮುಳುಗುವ ಮೊದಲೇ ಕೈ ಪಳಗಿಸಿಕೊಳ್ಳೋಣವೆಂದು ಉಜ್ಜಿನಪ್ಪನವರು ಬದುವಿನ ಮೇಲೆ ಮೂರುಕಾಲು ನಿಲ್ಲಿಸಿ, ದುರ್ಬೀನು ಕಟ್ಟಿ, ಪೂರ್ವಕ್ಕೆ ತಿರುಗಿಸಿದರು. ಪೂರ್ವದ ಹೊಲದ ಜೋಗಪ್ಪ ಬಾಯಲ್ಲಿದ್ದ ತುತ್ತು ಹಾಗೇ ನುಂಗಿ ಎದ್ದುಬಂದ. ಕೈಯಲ್ಲಿ ಶೇಂಗಾ ಹೋಳಿಗೆಯ ತಟ್ಟೆ.

"ತಿನ್ರಿ ಸಾಹೇಬ್ರ. ನಮ್ಮ ಹೊಲಕ್ಕ ತಿರುಗಿಸೀರಲ್ರಿ, ಏನು ಬರತೈತಿ?"

"ಹೊಲಕ್ಕ ಅಲ್ಲಪಾ, ನಾ ಆಕಾಶ ನೋಡಾಕ ಬಂದೀನಿ. ನಕ್ಷತ್ರ."

ಜೋಗಪ್ಪ ನೆತ್ತಿಯ ಮೇಲಿನ ಬಿಸಿಲು ನೋಡಿದ. ಮೂರುಕಾಲಿನ ಮೇಲಿನ ಇಲಾಖೆಯ ಹೆಸರು ನೋಡಿದ. ಚನ್ನವೀರಮ್ಮನ ಬಳ್ಳಾರಿ ಅಳಿಯನಿಗೆ ಯಾವುದೋ ಆಫೀಸಿನಲ್ಲಿ ನೌಕರಿ ಎಂದಷ್ಟೇ ಅವನು ಕೇಳಿದ್ದ. "ಹೌದ್ರಿ, ಹೌದ್ರಿ. ಯಾರಿಗೂ ಹೇಳಂಗಿಲ್ಲ" ಎಂದು ದನಿ ತಗ್ಗಿಸಿದ. ಕಣ್ಣು ಮಾತ್ರ ನಕ್ಷೆಯ ಮೇಲಿತ್ತು. ಡೊಂಕು ಗೆರೆ ಕಾಲುವೆಯಲ್ಲದೆ ಮತ್ತೇನು? ಬೊಟ್ಟುಗಳೆಲ್ಲ ತೂಬುಗಳು. ನಡುವೆ ‘ನಾವು ಇಲ್ಲಿ’ ಎಂದು ಬರೆದದ್ದು ಚನ್ನವೀರಮ್ಮನ ಹೊಲ. ಅದರಿಂದ ಪೂರ್ವಕ್ಕೆ ಕೆಂಪು ಸುತ್ತು ಹಾಕಿದ್ದು ಎಲ್ಲಕ್ಕಿಂತ ದೊಡ್ಡ ತೂಬು, ಅದು ತನ್ನ ಹೊಲದಲ್ಲಿ. ಜೋಗಪ್ಪ ಇನ್ನೆರಡು ಹೋಳಿಗೆ ತರಲು ಓಡಿದ.

ಓಡುವವನನ್ನು ಪಶ್ಚಿಮದ ಹೊಲದ ಹುಲುಗಪ್ಪ ನೋಡಿದ. ಹೋಳಿಗೆ ಹೊತ್ತು ಓಡುವವನನ್ನು ಯಾರೂ ಸುಮ್ಮನೆ ನೋಡಿ ಬಿಡುವುದಿಲ್ಲ. ಅವನೂ ಬಂದ, ನಕ್ಷೆ ನೋಡಿದ, ಮುಖ ಕಪ್ಪಿಟ್ಟಿತು.

"ಎಲ್ಲಾ ಜೋಗಪ್ಪಗ ಕೊಟ್ರ ನಾವೇನು ಮಣ್ಣು ತಿನ್ನಬೇಕೇನ್ರಿ ಸಾಹೇಬ್ರ? ನಮ್ಮ ಹೊಲ ತಗ್ಗಿನ್ಯಾಗ ಐತಿ. ನೀರು ತಾನಾ ಹರದು ಬರತೈತಿ."

"ಇದು ನೀರಿಂದಲ್ಲಪಾ..."

ಅಷ್ಟರಲ್ಲಿ ಸೈಕಲ್ ಇಳಿದವನು ಕಾಲುವೆಯ ತೂಬು ತೆಗೆದು ಮುಚ್ಚುವ ಲಸ್ಕರ್ ಇಮಾಮಸಾಬ್. ಜೋಗಪ್ಪ ಅವನನ್ನು ಹಿಡಿದುಕೊಂಡ. "ಇಷ್ಟು ದೊಡ್ಡ ಸರ್ವೆ ಬಂದೈತಿ, ನೀವೊಂದು ಮಾತು ಹೇಳಬಾರದಾ?"

ಇಮಾಮಸಾಬನಿಗೆ ಯಾವ ಸರ್ವೆಯೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತು ಸರ್ಕಾರಿ ನೌಕರಿಯಲ್ಲಿರುವವರ ಬಾಯಿಗೆ ಒಗ್ಗುವುದಿಲ್ಲ. ಆತ ಮೂರುಕಾಲನ್ನೊಮ್ಮೆ ನೋಡಿ, "ಹೇಳಬಾರದು ಅಂತ ಮ್ಯಾಲಿನ ಆರ್ಡರ್ ಇತ್ತು" ಎಂದು ಉಜ್ಜಿನಪ್ಪನವರಿಗೆ ಸಲಾಮು ಹೊಡೆದ. ಬ್ಯಾಂಕಿನಲ್ಲಿ ಜವಾನ ಕೂಡ ಅವರಿಗೆ ಸಲಾಮು ಹೊಡೆದದ್ದಿಲ್ಲ. ಉಜ್ಜಿನಪ್ಪನವರ ಕೈ ತಾನಾಗಿ ಮೇಲೆದ್ದು ಸಲಾಮನ್ನು ತೆಗೆದುಕೊಂಡಿತು. ಅಲ್ಲಿಗೆ ಕತೆ ಮುಗಿಯಿತು. ಆಮೇಲೆ ಅವರು ಏನು ಹೇಳಿದರೂ ಅದು ಅಧಿಕಾರಿಯ ಸೌಜನ್ಯ ಅನ್ನಿಸಿಕೊಂಡಿತು.

ಸುದ್ದಿ ಹೊಲದಿಂದ ಹೊಲಕ್ಕೆ ಹೋಯಿತು. ಹಬ್ಬಕ್ಕೆಂದು ಊರಿಗೆ ಊರೇ ಹೊಲದಲ್ಲಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು, ಮೊಸರು ಉಜ್ಜಿನಪ್ಪನವರ ಕಾಲ ಬಳಿ ಬಂದು ಕೂತವು. ಒಬ್ಬ ತನ್ನ ಹೊಲಕ್ಕೆ ಒಂದೇ ಒಂದು ಬೊಟ್ಟು ಇಡಿಸಿಕೊಳ್ಳಲು ಬಂದ, ಸಣ್ಣದಾದರೂ ನಡೆಯುತ್ತದೆ ಎಂದ. ಎಲ್ಲ ಗೊತ್ತಿದ್ದ ಮರಿಬಸಪ್ಪನವರು ಮೊದಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು, ಜನ ಹೆಚ್ಚಾದಂತೆ ಗಂಭೀರರಾದರು. ಕೊನೆಗೆ ಷಡ್ಡಕನನ್ನು ಪಕ್ಕಕ್ಕೆ ಕರೆದರು.

"ಖರೇನ ಹೇಳ್ರಿ. ಇದು ಬ್ಯಾಂಕಿಂದೋ, ಸರ್ಕಾರದ್ದೋ? ಕಾಲುವಿ ಬರೂದಿದ್ರ ನಮ್ಮ ಗಿರಣಿ ಹಿಂದಿನ ಜಾಗ ನೆನಪಿರ್ಲಿ."

ಈ ಗದ್ದಲದಲ್ಲಿ ಹೊತ್ತು ಮುಳುಗಿತು. ಉಜ್ಜಿನಪ್ಪನವರು ಬೆವರೊರೆಸಿಕೊಂಡು ಪೂರ್ವದ ಆಕಾಶಕ್ಕೆ ಕಣ್ಣಿಟ್ಟರು. ನಕ್ಷೆಯಲ್ಲಿ ಧೂಮಕೇತುವಿನ ಪಕ್ಕದಲ್ಲೇ ಗುರುಗ್ರಹ ದಪ್ಪಗೆ ಇರಬೇಕಿತ್ತು. ಪೂರ್ವದಲ್ಲಿ ಗುರುವೂ ಇಲ್ಲ, ಯಾರೂ ಇಲ್ಲ. ದುರ್ಬೀನನ್ನು ಮೇಲೆ ಮಾಡಿದರು, ಕೆಳಗೆ ಮಾಡಿದರು. ಜೋಗಪ್ಪನ ಎತ್ತಿನ ಕೊಂಬು ಸ್ಪಷ್ಟವಾಗಿ ಕಂಡಿತು.

"ಅಳಿಯಂದ್ರ" ಎಂದು ಬಂಡಿಯ ಕಡೆಯಿಂದ ಅತ್ತೆಯ ದನಿ. "ಬಂತೇನ್ರಿ?"

"ಬರಾಕತ್ತೈತ್ರಿ ಅತ್ತೇರ" ಎಂದರು. ನಾಳೆ ಬೆಳಿಗ್ಗೆ ದುರ್ಬೀನು ಬೀರು ಸೇರುತ್ತದೆ. ಮುದುಕಿಯ ಕಣ್ಣು ಇನ್ನೊಂದು ವರ್ಷ ತಡೆಯುವುದೂ ಇಲ್ಲ.

ಅಷ್ಟರಲ್ಲಿ ಹುಲುಗಪ್ಪ ಕೈಹಾಕಿ ನಕ್ಷೆ ಎಳೆದ. "ಇದನ್ನ ನಾ ದೊಡ್ಡ ಸಾಹೇಬ್ರಿಗೆ ತೋರಸ್ತೀನಿ. ತಗ್ಗಿನ ಹೊಲ ಬಿಟ್ಟು ದಿನ್ನಿಗೆ ತೂಬು ಇಡ್ತಾರಂತ." ಜೋಗಪ್ಪ ಇನ್ನೊಂದು ತುದಿ ಹಿಡಿದ. ನಡುವೆ ಉಜ್ಜಿನಪ್ಪನವರು ಎರಡೂ ಕೈಯಿಂದ ಹಿಡಿದುಕೊಂಡರು. ಮೂವರೂ ಜಗ್ಗಿದರು. ಆಗ ಇಮಾಮಸಾಬ್ ಹಿಂದಿನಿಂದ ಗಂಭೀರವಾಗಿ, "ಸರ್ಕಾರಿ ಕಾಗದ. ಹರಿದ್ರ ಕೇಸ್ ಆಗತೈತಿ" ಎಂದ.

ಜೋಗಪ್ಪ, ಹುಲುಗಪ್ಪ ಇಬ್ಬರೂ ಒಟ್ಟಿಗೇ ಕೈಬಿಟ್ಟರು. ಉಜ್ಜಿನಪ್ಪನವರು ನೆಟ್ಟಗೆ ಹಿಂದಕ್ಕೆ, ಜೋಳದ ಸಾಲಿನೊಳಗೆ ಅಂಗಾತ ಬಿದ್ದರು.

"ಅಯ್ಯ, ಉತ್ತರಕ್ಕ ತಲಿ ಹಾಕ್ಕೊಂಡು ಬಿದ್ರಲ್ರಿ, ಅಮಾಸಿ ದಿನ" ಎನ್ನುತ್ತ ಅಂಬಮ್ಮ ಕಂದೀಲು ಹಿಡಿದು ಬಂದರು. "ಏಳ್ರಿ ಮೊದ್ಲು."

ಉಜ್ಜಿನಪ್ಪನವರು ಏಳಲಿಲ್ಲ. ಎರಡೂ ಕೈಯಲ್ಲಿ ಹಿಡಿದ ನಕ್ಷೆ ಮುಖದ ಮೇಲಿತ್ತು, ಅದರ ಹಿಂದೆ ಆಕಾಶವಿತ್ತು. ತಲೆ ಉತ್ತರಕ್ಕೆ, ನಕ್ಷೆಯ ಉತ್ತರವೂ ತಲೆಯ ಕಡೆಗೆ. ಎಡಗೈಯ ಕಡೆ ಜೋಗಪ್ಪನ ಹೊಲ, ಅಂದರೆ ಪೂರ್ವ. ಬಲಗೈಯ ಕಡೆ ಹುಲುಗಪ್ಪನ ಹೊಲ, ಅಂದರೆ ಪಶ್ಚಿಮ. ಕಾಗದದ ಬಲಕ್ಕೆ ದಪ್ಪ ಬೊಟ್ಟು. ಆಕಾಶದ ಬಲಕ್ಕೆ, ಹುಲುಗಪ್ಪನ ಜೋಳದ ಮೇಲೆ, ಗುರು ನಿಚ್ಚಳವಾಗಿ ಹೊಳೆಯುತ್ತಿದ್ದ.

ಅವರು ಮಲಗಿದಲ್ಲೇ ಜೇಬಿನಿಂದ ಕೆಂಪು ಪೆನ್ನು ತೆಗೆದರು. ತಾವೇ ತಿದ್ದಿದ್ದನ್ನು ಹೊಡೆದುಹಾಕಿ, ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ ಎಂದು ಬರೆದು, ಸಹಿ ಮಾಡಿದರು. ತಮ್ಮ ತಪ್ಪಿಗೆ ತಾವೇ ಕೆಂಪು ಗೆರೆ ಎಳೆದದ್ದು ಅವರ ನೌಕರಿಯಲ್ಲಿ ಅದೇ ಮೊದಲು.

"ಪಶ್ಚಿಮಕ್ಕ ತಿರುಗಿಸ್ರಿ" ಎಂದು ಕೂಗಿದರು.

ಹುಲುಗಪ್ಪ ಎರಡೂ ಕೈಯೆತ್ತಿ ಮುಗಿದ. ಜೋಗಪ್ಪ ತಲೆಯ ಮೇಲೆ ಕೈಹೊತ್ತು ಕೂತ. "ನನ್ನ ಹೋಳಿಗಿ ತಿಂದು ಅವನ ಹೊಲಕ್ಕ ತೂಬು ಹಾಕಿದ್ರಲ್ರಿ ಸಾಹೇಬ್ರ."

"ನೀರಿನ ಮಾತು ನಾಳಿ ಆಡ್ರಿ" ಎಂದರು ಚನ್ನವೀರಮ್ಮ. ಅವರು ಎದ್ದು ಬಂಡಿ ಹಿಡಿದು ನಿಂತಿದ್ದರು. "ಅದು ಮುಳುಗೂದ್ರೊಳಗ ನನ್ನ ಕರ್ಕೊಂಡು ಹೋಗ್ರಿ. ಲೇ ಜೋಗ್ಯಾ, ಹುಲುಗ್ಯಾ, ಬರ್ರಿಲ್ಲೆ."

ಆ ಇಬ್ಬರೂ ಚಡ್ಡಿ ಹಾಕುವ ಮೊದಲಿನಿಂದ ಅವರನ್ನು ಬಲ್ಲ ಹೆಣ್ಣುಮಗಳು. ಮರುಮಾತಿಲ್ಲದೆ ಬಂದು ಎರಡೂ ರಟ್ಟೆ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಅವರನ್ನು ದುರ್ಬೀನಿನ ತನಕ ನಡೆಸಿದರು.

ದುರ್ಬೀನಿಗೆ ಕಣ್ಣಿಟ್ಟವರು ಅಂಬಮ್ಮ. ಉಜ್ಜಿನಪ್ಪನವರು ಮಾತ್ರ ಜೋಳದೊಳಗೆ ಮಲಗಿಯೇ ಇದ್ದರು. ಎದ್ದರೆ ಎಲ್ಲಿ ಪೂರ್ವ ಮತ್ತೆ ಬಲಕ್ಕೆ ಬಂದುಬಿಡುತ್ತದೋ ಎಂದು ಅವರಿಗೆ ಭಯ. ಅಲ್ಲಿಂದಲೇ ಹೇಳಿದರು: "ಗುರು ಸಿಕ್ತೇನು? ಅಲ್ಲಿಂದ ಮ್ಯಾಲೆ ಹೋಗು. ಬಲಕ್ಕ. ಇನ್ನ ಸ್ವಲ್ಪ ಬಲಕ್ಕ."

ಅಂಬಮ್ಮ ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿ ಮೆಲ್ಲಗೆ, "ವಿಭೂತಿ ಒರಿಸಿದಂಗ ಏನೋ ಐತಿ" ಎಂದರು.

"ಅದಾ ನೋಡು" ಎಂದರು ಉಜ್ಜಿನಪ್ಪ.

ಚನ್ನವೀರಮ್ಮ ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತಾಯಿತು.

"ಕಂಡ್ತೇನ್ರಿ ಅತ್ತೇರ?" ಜೋಳದೊಳಗಿನಿಂದ ದನಿ ಬಂತು.

"ಕಂಡ್ತು. ಎಷ್ಟು ಸಣ್ಣದಾಗೈತಿ. ಬಾಲಾನೂ ಇಲ್ಲ." ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. "ಪಾಪ, ಅದಕ್ಕೂ ವಯಸ್ಸಾತು. ನಮ್ಮಪ್ಪ ತೋರಿಸಿದಾಗ ಹರೇದಾಗಿತ್ತು."

ತಂದೆಯ ಹೆಸರನ್ನು ಮೆಲ್ಲಗೆ ಹೇಳಿದ್ದು ಹತ್ತಿರ ನಿಂತಿದ್ದ ಜೋಗಪ್ಪ, ಹುಲುಗಪ್ಪರಿಗೆ ಮಾತ್ರ ಕೇಳಿಸಿತು. ಅವರಿಬ್ಬರೂ ಯಾಕೋ ತಲೆಯ ರುಮಾಲು ತೆಗೆದರು. ಮಲಗಿದ್ದ ಉಜ್ಜಿನಪ್ಪನವರು ಬಹಳ ಸಂತೋಷಪಟ್ಟರು, ಇದನ್ನು ಸುತ್ತಿ ಬಳಸಿ ಹೇಳಬೇಕಾದ್ದಿಲ್ಲ.

ಆಮೇಲೆ ಎಲ್ಲರೂ ಸಾಲುಗಟ್ಟಿದರು. ಜೋಗಪ್ಪ ನೋಡಿ, "ಇದು ಎದರಿಂದ ಮಾಡಿದ್ದು?" ಎಂದ. ಉಜ್ಜಿನಪ್ಪನವರು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದರು, ಬಹುಪಾಲು ಮಂಜುಗಡ್ಡೆಯಂತೆ.

"ಅಂದ್ರ ನೀರಾ ಅಲ್ರಿ. ಯಾರ ಹೊಲಕ್ಕ ಬಿಡ್ತಾರ?"

ಎಲ್ಲರೂ ಲಸ್ಕರನ ಕಡೆ ನೋಡಿದರು. ಇಮಾಮಸಾಬ್ ಕೊಳವೆಯೊಳಗೆ ಬಗ್ಗಿ ಕೂಲಂಕಷವಾಗಿ ನೋಡಿ ಎದ್ದು, "ಇದು ನಮ್ಮ ಸೆಕ್ಷನ್ನಿಗೆ ಬರಂಗಿಲ್ಲ" ಎಂದ. ಸರ್ವೆಯ ವ್ಯಾಜ್ಯ ಅಲ್ಲಿಗೆ ಇತ್ಯರ್ಥವಾಯಿತು. ಮರಿಬಸಪ್ಪನವರು ಎರಡು ಸಲ ಸಾಲಿನಲ್ಲಿ ನಿಂತರು. ದುರ್ಬೀನು ಜರುಗಿದಾಗಲೆಲ್ಲ ಅಂಬಮ್ಮ ಕೇಳುವರು, ಉಜ್ಜಿನಪ್ಪನವರು ಮಲಗಿದಲ್ಲಿಂದಲೇ ದಾರಿ ಹೇಳುವರು. ಕೊನೆಯವನೂ ನೋಡಿ ಆದ ಮೇಲೆ ಅವರು ಬೆನ್ನಿನ ಮಣ್ಣು ಕೊಡವಿಕೊಂಡು ಎದ್ದು, ಕನ್ನಡಕ ಒರೆಸಿ, ಕೊಳವೆಗೆ ಕಣ್ಣಿಟ್ಟರು. ದಿಗಂತದ ಮಬ್ಬು ಬಿಟ್ಟರೆ ಏನೂ ಇರಲಿಲ್ಲ. ಧೂಮಕೇತು ಮುಳುಗಿತ್ತು.

ಬಂಡಿ ಸಿರುಗುಪ್ಪದ ಕಡೆ ಹೊರಟಿತು. ಅಳಿಯಂದಿರಿಬ್ಬರೂ ಹಿಂದೆ ನಡೆದು ಬರುತ್ತಿದ್ದರು. ಉಜ್ಜಿನಪ್ಪನವರ ಹೆಗಲ ಮೇಲೆ ಮೂರುಕಾಲು. ಅದನ್ನು ಮರಿಬಸಪ್ಪನವರು ಕೇಳದೆಯೇ ತೆಗೆದುಕೊಂಡು ತಮ್ಮ ಹೆಗಲ ಮೇಲಿಟ್ಟುಕೊಂಡರು. ಬಂಡಿಯೊಳಗಿನಿಂದ ಅತ್ತೆ ಕೇಳಿದರು.

"ಅಳಿಯಂದ್ರ, ನೀವು ನೋಡಿದ್ರಿಲ್ಲೋ?"

"ಇಲ್ರಿ ಅತ್ತೇರ. ನಾ ಏಳೂದ್ರೊಳಗ ಮುಳುಗಿತ್ತು."

ಬಂಡಿ ಸ್ವಲ್ಪ ದೂರ ಹೋಯಿತು.

"ಇರ್ಲಿ ಬಿಡ್ರಿ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು ಚನ್ನವೀರಮ್ಮ. "ಮುಂದಿನ ಸರ್ತಿ ಬಂದಾಗ ನಾ ಕರ್ದು ತೋರಸ್ತೀನಿ."

ಮರಿಬಸಪ್ಪನವರು ಲೆಕ್ಕ ಹಾಕಲು ಬೆರಳು ಎತ್ತಿದರು. ಉಜ್ಜಿನಪ್ಪನವರು ಆ ಕೈ ಹಿಡಿದು ಕೆಳಗಿಳಿಸಿದರು. ಅವರ ಜೇಬಿನಲ್ಲಿ ಕೆಂಪು ಪೆನ್ನು ಇತ್ತು, ಅದು ಅಲ್ಲೇ ಇರಲಿ ಎಂದು ಬಿಟ್ಟರು.

"ಆಗ್ಲಿ ಅತ್ತೇರ" ಎಂದರು. "ಮರೀಬ್ಯಾಡ್ರಿ ಮತ್ತ."